ಖಾಲಿ ಹುದ್ದೆಯ ಲೆಕ್ಕ

ಅಕ್ಷರ ಕಲಿತ ಮೇಲೆ ನೀವು ಬಸ್ಸಿನ ಬೋರ್ಡು ಓದಿದಿರಿ. ಕರೆಂಟು ಬಿಲ್ಲು ಓದಿದಿರಿ. ರೇಷನ್ ಅಂಗಡಿಯಲ್ಲಿ ತೂಕ ನೋಡಿ, ರೇಟು ನೋಡಿ ಲೆಕ್ಕ ಹಾಕಿದಿರಿ. ಇವತ್ತಿನ ಪಾಠದಲ್ಲಿ ಇನ್ನೊಂದು ಲೆಕ್ಕ ಕಲಿಯೋಣ. ಇದು ನಮ್ಮ ಸರಕಾರಿ ಆಸ್ಪತ್ರೆಯ ಲೆಕ್ಕ. ಅಲ್ಲಿ ಎಷ್ಟು ಜನ ಸಿಬ್ಬಂದಿ ಇರಬೇಕು? ಎಷ್ಟು ಜನ ಇದ್ದಾರೆ? ಎಷ್ಟು ಜಾಗ ಖಾಲಿ?

ಇದು ನಮಗೇಕೆ ಅಂತೀರಾ? ಒಂದು ದಿನದ ಮಾತು ನೆನಪು ಮಾಡಿಕೊಳ್ಳಿ. ಮಗುವಿಗೆ ಮೂರು ದಿನದಿಂದ ಜ್ವರ. ಕೂಲಿ ಬಿಟ್ಟು ಪಿ.ಎಚ್.ಸಿ.ಗೆ ಹೋದಿರಿ. ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಬರೆದರು. ಪರೀಕ್ಷೆ ಮಾಡುವ ಕೋಣೆಗೆ ಬೀಗ ಹಾಕಿತ್ತು. "ಲ್ಯಾಬಿನವರು ಇಲ್ಲಮ್ಮ, ಹೊರಗಡೆ ಮಾಡಿಸ್ಕೊಂಡು ಬಾ" ಅಂದರು. ಮತ್ತೆ ಆಟೋ ಹಿಡಿದಿರಿ, ಪೇಟೆಗೆ ಹೋದಿರಿ, ಕೈಯಿಂದ ದುಡ್ಡು ಕೊಟ್ಟಿರಿ. ಅವತ್ತಿನ ಕೂಲಿಯೂ ಹೋಯಿತು, ಗಂಟಿನ ಕಾಸೂ ಹೋಯಿತು.

ಆ ಹೊತ್ತಿನಲ್ಲಿ ನೀವು ಯಾರನ್ನು ಬೈದಿರಿ? ಎದುರಿಗೆ ನಿಂತಿದ್ದ ನರ್ಸಮ್ಮನನ್ನು ಬೈದಿರಬಹುದು. ನಾನೂ ಬೈದವನೇ. ಆದರೆ ಆಕೆ ಕೆಲಸಕ್ಕೆ ಬಂದಿದ್ದರು. ಬಾರದವರು ಬೇರೆ. ಲ್ಯಾಬಿನವರು ರಜೆ ಹಾಕಿದ್ದರಾ? ಬೇರೆ ಊರಿಗೆ ಕಳಿಸಿದ್ದರಾ? ಆ ಹುದ್ದೆಯೇ ಖಾಲಿ ಇತ್ತಾ? ಅಥವಾ ಅಲ್ಲಿ ಲ್ಯಾಬಿನವರ ಹುದ್ದೆಯನ್ನೇ ಸರಕಾರ ಕೊಟ್ಟಿರಲಿಲ್ಲವಾ? ಈ ನಾಲ್ಕೂ ಬೇರೆ ಬೇರೆ ಸಂಗತಿ. ನಾಲ್ಕಕ್ಕೂ ಕೇಳಬೇಕಾದ ಕಡೆಯೂ ಬೇರೆ. ಲೆಕ್ಕ ಗೊತ್ತಿಲ್ಲದಿದ್ದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಾಗಿಲಿಗೆ ಬೀಗ ಹಾಕಿದೆ, ಅಷ್ಟೆ.

ಮೂರು ಅಂಕಿ

ಈ ಲೆಕ್ಕದಲ್ಲಿ ಮೂರು ಅಂಕಿ ಮುಖ್ಯ.

ಮೊದಲನೆಯದು, ಬೇಕಾದವರು. ಇಷ್ಟು ಜನಕ್ಕೆ ಇಷ್ಟು ಸಿಬ್ಬಂದಿ ಬೇಕು ಎಂದು ಸರಕಾರವೇ ಒಂದು ಅಳತೆ ಇಟ್ಟಿದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿ.ಎಚ್.ಸಿ. 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಒಂದೊಂದರಲ್ಲಿ ಯಾರು ಯಾರು ಇರಬೇಕು ಎಂದು 2007ರಲ್ಲಿ ಕೇಂದ್ರ ಸರಕಾರ ಪುಸ್ತಕ ಮಾಡಿತು. 2012ರಲ್ಲಿ, ಆಮೇಲೆ 2022ರಲ್ಲಿ ಅದನ್ನು ತಿದ್ದಿತು.

ಎರಡನೆಯದು, ಮಂಜೂರಾದವರು. ಈ ಆಸ್ಪತ್ರೆಗೆ ಇಷ್ಟು ಹುದ್ದೆ ಎಂದು ಸರಕಾರ ಆದೇಶ ಕೊಟ್ಟಿರುತ್ತದೆ. ಸಂಬಳಕ್ಕೆ ಹಣ ಇಡುವುದು ಇದಕ್ಕೇ.

ಮೂರನೆಯದು, ಕೆಲಸದಲ್ಲಿ ಇರುವವರು. ಇದಕ್ಕೆ ವಿವರಣೆ ಬೇಡ ಅನ್ನಿಸುತ್ತದೆ. ಆದರೆ ಮೋಸ ಹೋಗುವುದು ಇಲ್ಲೇ. ಮುಂದೆ ನೋಡೋಣ.

ಮಂಜೂರಾದದ್ದರಲ್ಲಿ ಇರುವವರನ್ನು ಕಳೆದರೆ ಬರುವುದು ಖಾಲಿ. ಬೇಕಾದದ್ದರಲ್ಲಿ ಇರುವವರನ್ನು ಕಳೆದರೆ ಬರುವುದು ಕೊರತೆ. ಖಾಲಿ ಬೇರೆ, ಕೊರತೆ ಬೇರೆ. ಈ ಎರಡು ಪದವನ್ನು ಎರಡು ಸಲ ಓದಿ.

ಈಗ ಒಂದು ಲೆಕ್ಕ ಮಾಡೋಣ. ಇದು ಕಲಿಯುವುದಕ್ಕೆ ಹಾಕಿಕೊಂಡ ಲೆಕ್ಕ, ಯಾವ ಊರಿನದೂ ಅಲ್ಲ. ಒಂದು ಪಿ.ಎಚ್.ಸಿ.ಯಲ್ಲಿ ರಾತ್ರಿ ಹಗಲು ಹೆರಿಗೆ ಆಗಬೇಕು. ದಿನಕ್ಕೆ 24 ಗಂಟೆ. ಒಬ್ಬ ನರ್ಸ್ 8 ಗಂಟೆ ಕೆಲಸ ಮಾಡುತ್ತಾರೆ. 24ನ್ನು 8ರಿಂದ ಭಾಗಿಸಿ. 3 ಬಂತು. ಹಾಗಾದರೆ ಕಡಿಮೆ ಅಂದರೂ 3 ನರ್ಸ್ ಬೇಕು. ವಾರದ ರಜೆ ಸೇರಿಸಿದರೆ 3ಕ್ಕೂ ಮೇಲೆ ಬೇಕು, ಅದನ್ನು ಸದ್ಯಕ್ಕೆ ಬಿಡೋಣ.

ಆ ಆಸ್ಪತ್ರೆಗೆ ಮಂಜೂರಾದ ನರ್ಸ್ ಹುದ್ದೆ 2. ಎರಡಕ್ಕೂ ಜನ ಇದ್ದಾರೆ.
ಖಾಲಿ ಎಷ್ಟು? 2 – 2 = 0.
ಕೊರತೆ ಎಷ್ಟು? 3 – 2 = 1.

ಆ ಇಬ್ಬರಲ್ಲಿ ಒಬ್ಬರನ್ನು ಪೇಟೆ ಆಸ್ಪತ್ರೆಗೆ ಡೆಪ್ಯುಟೇಷನ್ ಮೇಲೆ ಕಳಿಸಿದ್ದಾರೆ ಅಂದುಕೊಳ್ಳಿ. ಸಂಬಳ ಇಲ್ಲಿ, ಕೆಲಸ ಅಲ್ಲಿ. ಕಾಗದದಲ್ಲಿ ಅವರು ಇಲ್ಲೇ ಇದ್ದಾರೆ. ನಿಜಕ್ಕೂ ಇಲ್ಲಿ ಇರುವವರು 1. ಈಗ ಕೊರತೆ 3 – 1 = 2.

ಕಾಗದದಲ್ಲಿ ಖಾಲಿ ಮಾತ್ರ ಇನ್ನೂ 0. ಯಾರಾದರೂ "ನಮ್ಮಲ್ಲಿ ಖಾಲಿ ಹುದ್ದೆ ಇಲ್ಲ" ಅಂದರೆ ಅದು ಸುಳ್ಳಲ್ಲ. ಅದೇ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದ ತಾಯಿಗೆ ನರ್ಸ್ ಇಲ್ಲ ಎಂಬುದೂ ಸುಳ್ಳಲ್ಲ. ಖಾಲಿ ಕುರ್ಚಿ ಎಣಿಸುವವನಿಗೆ, ಕುರ್ಚಿಯೇ ಹಾಕದ ಜಾಗ ಕಾಣುವುದಿಲ್ಲ.

ಇದು ಬರೀ ಪಾಠದ ಲೆಕ್ಕ ಅಲ್ಲ. ಇಡೀ ದೇಶದ ಲೆಕ್ಕ ನೋಡಿ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ನಾಲ್ಕು ಬಗೆಯ ತಜ್ಞ ಡಾಕ್ಟರು ಇರಬೇಕು. ಆಪರೇಷನ್ ಮಾಡುವವರು, ಹೆರಿಗೆ ನೋಡುವವರು, ಮಕ್ಕಳ ಡಾಕ್ಟರು, ಸಾಮಾನ್ಯ ಕಾಯಿಲೆಯ ತಜ್ಞರು. 2022ರ ಮಾರ್ಚ್ 31ರಂದು ದೇಶದ ಹಳ್ಳಿಗಾಡಿನ ಕೇಂದ್ರಗಳಲ್ಲಿ ಇಂಥ ಹುದ್ದೆಗಳು 100 ಮಂಜೂರಾಗಿದ್ದರೆ ಅದರಲ್ಲಿ ಸುಮಾರು 68 ಖಾಲಿ ಇದ್ದವು. ಬೇಕಾದವರ ಲೆಕ್ಕ ಹಿಡಿದರೆ, 100 ಜನ ಇರಬೇಕಾದ ಕಡೆ ಸುಮಾರು 80 ಜನ ಇರಲಿಲ್ಲ. ದೇಶ ಅದೇ, ದಿನವೂ ಅದೇ. ಅಂಕಿ ಎರಡು. ಒಂದು ಖಾಲಿ, ಇನ್ನೊಂದು ಕೊರತೆ.

ಈ ಲೆಕ್ಕ ಎಲ್ಲಿ ಸಿಗುತ್ತದೆ?

ಕೇಂದ್ರ ಆರೋಗ್ಯ ಇಲಾಖೆ 1992ರಿಂದ ಇದಕ್ಕೊಂದು ಪುಸ್ತಕ ತರುತ್ತಿದೆ. ಬಹಳ ವರ್ಷ ಅದರ ಹೆಸರು ರೂರಲ್ ಹೆಲ್ತ್ ಸ್ಟ್ಯಾಟಿಸ್ಟಿಕ್ಸ್. 2022–23ರ ಪುಸ್ತಕಕ್ಕೆ ಹೆಲ್ತ್ ಡೈನಾಮಿಕ್ಸ್ ಆಫ್ ಇಂಡಿಯಾ ಎಂದು ಹೆಸರು ಬದಲಾಯಿಸಿದರು. ಊರ ಉಪಕೇಂದ್ರದಿಂದ ಪಿ.ಎಚ್.ಸಿ.ಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಅಂಕಿ ಹೋಗುತ್ತದೆ. ವರ್ಷದ ಮಾರ್ಚ್ 31ರಂದು ಹೇಗಿತ್ತೋ ಅದೇ ಲೆಕ್ಕ. ಏಪ್ರಿಲ್ 1ರಂದು ಡಾಕ್ಟರು ವರ್ಗವಾಗಿ ಹೋದರೆ ಆ ವರ್ಷದ ಪುಸ್ತಕದಲ್ಲಿ ಅವರು ಇದ್ದಾರೆ ಎಂದೇ ಇರುತ್ತದೆ.

ಆ ಪುಸ್ತಕದಲ್ಲಿ ಹುದ್ದೆಗಳ ಪಟ್ಟಿ ರಾಜ್ಯದ ಹೆಸರಿನಲ್ಲಿ ಇರುತ್ತದೆ. ಆಂಧ್ರಪ್ರದೇಶಕ್ಕೆ ಒಂದು ಸಾಲು. ಆ ಒಂದು ಸಾಲಿನ ಒಳಗೆ ವಿಜಯವಾಡದ ಪಕ್ಕದ ಊರೂ ಇದೆ, ಮಡಕಶಿರಾದ ಮೂಲೆ ಹಳ್ಳಿಯೂ ಇದೆ. ನಿಮ್ಮ ಪಿ.ಎಚ್.ಸಿ.ಯ ಲ್ಯಾಬಿಗೆ ಬೀಗ ಯಾಕೆ ಎಂದು ಆ ಸಾಲು ಹೇಳುವುದಿಲ್ಲ. ಅದನ್ನು ನೀವು ಇಲ್ಲಿಯೇ ಕೇಳಬೇಕು.

ಎಲ್ಲಿ ಕೇಳಬೇಕು ಎಂಬುದರಲ್ಲಿ ನಮ್ಮ ಸೀಮೆಯಲ್ಲಿ ಒಂದು ತೊಡಕು ಇದೆ. ಮೊದಲು ಹಿಂದೂಪುರ, ಕಲ್ಯಾಣದುರ್ಗ ಎರಡೂ ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್ 4ರಂದು ಜಿಲ್ಲೆ ಎರಡಾಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದರ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಮಡಕಶಿರಾ, ಪೆನುಕೊಂಡ, ಕದಿರಿ ಕೂಡ ಆ ಕಡೆ ಹೋದವು. ಕಲ್ಯಾಣದುರ್ಗ, ರಾಯದುರ್ಗ ಅನಂತಪುರದಲ್ಲೇ ಉಳಿದವು. ಆದ್ದರಿಂದ ಹಿಂದೂಪುರದ ಕಡೆಯವರು ಪುಟ್ಟಪರ್ತಿಯ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆಯಬೇಕು. ಕಲ್ಯಾಣದುರ್ಗದವರು ಅನಂತಪುರದ ಕಚೇರಿಗೆ ಬರೆಯಬೇಕು. ಆ ಕಚೇರಿಯನ್ನು ಜನ ಡಿ.ಎಂ.ಎಚ್.ಓ. ಆಫೀಸು ಅನ್ನುತ್ತಾರೆ.

ಇದರಲ್ಲಿ ಲೆಕ್ಕದ ಪಾಠವೂ ಇದೆ. 2021ರಲ್ಲಿ ಅನಂತಪುರ ಜಿಲ್ಲೆಯಲ್ಲಿ ಇಷ್ಟು ಹುದ್ದೆ ಖಾಲಿ, 2023ರಲ್ಲಿ ಅದರ ಅರ್ಧ ಮಾತ್ರ ಖಾಲಿ ಎಂದು ಯಾರಾದರೂ ತೋರಿಸಿದರೆ, ಕೂಡಲೇ ಹಿಗ್ಗಬೇಡಿ. ಖಾಲಿ ಜಾಗ ತುಂಬಿದ್ದರಿಂದ ಅಂಕಿ ಇಳಿಯಿತಾ, ಜಿಲ್ಲೆ ಚಿಕ್ಕದಾದ್ದರಿಂದ ಇಳಿಯಿತಾ? ಹಳೇ ಜಿಲ್ಲೆಯಲ್ಲಿ 63 ಮಂಡಲ ಇದ್ದವು, 2011ರ ಜನಗಣತಿಯಂತೆ 40 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಈಗ ಅದೇ ಹೆಸರಿನ ಜಿಲ್ಲೆ ಅದರ ಸುಮಾರು ಅರ್ಧ. ಹೊಲ ಪಾಲಾದ ಮೇಲೆ ಅಣ್ಣನ ಪಾಲಿನ ಕಡಲೆಕಾಯಿ ಮೂಟೆಯನ್ನು ಅಪ್ಪನ ಕಾಲದ ಮೂಟೆಗೆ ಹೋಲಿಸಿದ ಹಾಗೆ ಅದು. ಹೋಲಿಸುವುದಾದರೆ ಊರಿಗೆ ಊರು, ಪಿ.ಎಚ್.ಸಿ.ಗೆ ಪಿ.ಎಚ್.ಸಿ. ಹೋಲಿಸಿ. (ನಮ್ಮ ಸೀಮೆಗೆ ಪಾಲು ಹೊಸದಲ್ಲ. ಅನಂತಪುರ ಜಿಲ್ಲೆಯೇ 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಬಂದದ್ದು.)

ನೀವೇ ಎಣಿಸುವಾಗ

ಒಂದು ನೋಟ್ ಪುಸ್ತಕ ತಗೊಳ್ಳಿ. ಅಡ್ಡಡ್ಡ ಗೆರೆ ಹಾಕಿ. ಡಾಕ್ಟರು, ನರ್ಸ್, ಔಷಧಿ ಕೊಡುವವರು, ಲ್ಯಾಬಿನವರು, ಎ.ಎನ್.ಎಂ. ಎಂದು ಒಂದರ ಕೆಳಗೆ ಒಂದು ಬರೆಯಿರಿ. ಪಕ್ಕದಲ್ಲಿ ನಾಲ್ಕು ಮನೆ ಮಾಡಿ. ಬೇಕಾದವರು, ಮಂಜೂರು, ಇರುವವರು, ಇಲ್ಲಿ ನಿಜವಾಗಿ ಕೆಲಸ ಮಾಡುವವರು. ಖಾಲಿ, ಕೊರತೆ ಎಂಬ ಮನೆ ಈಗ ಹಾಕಬೇಡಿ. ಅದು ನೀವು ಕಳೆದು ತೆಗೆಯುವುದು, ಯಾರೋ ಹೇಳುವುದಲ್ಲ.

ಒಂದು ದಿನ ಹೋಗಿ ತಲೆ ಎಣಿಸಿ ಬಂದರೆ ಲೆಕ್ಕ ಆಗುವುದಿಲ್ಲ. ಬೆಳಿಗ್ಗೆ ಕಾಣದ ನರ್ಸ್ ರಾತ್ರಿ ಪಾಳಿ ಮುಗಿಸಿ ಮಲಗಿರಬಹುದು. ಎ.ಎನ್.ಎಂ. ಅಕ್ಕ ಲಸಿಕೆ ಹಾಕಲು ಹಳ್ಳಿಗೆ ಹೋಗಿರಬಹುದು. ಡಾಕ್ಟರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಆಂಧ್ರದಲ್ಲಿ 2023ರಲ್ಲಿ ಫ್ಯಾಮಿಲಿ ಡಾಕ್ಟರ್ ಎಂಬ ಪದ್ಧತಿ ತಂದರು. ಅದರ ಪ್ರಕಾರ ಪಿ.ಎಚ್.ಸಿ.ಗೆ ಇಬ್ಬರು ಡಾಕ್ಟರು. ಒಬ್ಬರು ಆಸ್ಪತ್ರೆಯಲ್ಲಿ ಕೂತರೆ ಇನ್ನೊಬ್ಬರು 104 ಗಾಡಿಯಲ್ಲಿ ಹಳ್ಳಿಗೆ ಹೋಗಬೇಕು. ಹಳ್ಳಿಗೆ ಹೋದ ಡಾಕ್ಟರನ್ನು ಇಲ್ಲ ಎಂದು ಬರೆದುಕೊಂಡರೆ ನಿಮ್ಮ ಪುಸ್ತಕದಲ್ಲೇ ತಪ್ಪಾಯಿತು. ಮುಂದೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ಔಷಧಿ ಕೊಡುವ ಒಬ್ಬರೇ ಎರಡು ಪಿ.ಎಚ್.ಸಿ.ಗೆ ಇನ್‌ಚಾರ್ಜ್ ಇರುತ್ತಾರೆ. ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಈ ಊರಿನವರು ಎಣಿಸಿದರೂ ಒಬ್ಬರು, ಆ ಊರಿನವರು ಎಣಿಸಿದರೂ ಒಬ್ಬರು. ಎರಡು ಪಟ್ಟಿ ಕೂಡಿದರೆ ಇಬ್ಬರು. ಮನುಷ್ಯ ಮಾತ್ರ ಒಬ್ಬರೇ. ಅದಕ್ಕೇ "ಇನ್‌ಚಾರ್ಜ್ ಎಷ್ಟು, ಡೆಪ್ಯುಟೇಷನ್ ಎಷ್ಟು" ಎಂದು ಬೇರೆ ಕೇಳಿ. ಖಾಯಂ ಎಷ್ಟು, ಕಾಂಟ್ರಾಕ್ಟ್ ಎಷ್ಟು, ಔಟ್‌ಸೋರ್ಸಿಂಗ್ ಎಷ್ಟು ಎಂದೂ ಬೇರೆ ಬೇರೆ ಕೇಳಿ. ಕಾಂಟ್ರಾಕ್ಟಿನವರೂ ಕೆಲಸ ಮಾಡುತ್ತಾರೆ, ಅವರನ್ನು ಬಿಡಬಾರದು. ಆದರೆ ಅವರ ಗಡುವು ಮುಗಿದ ಮರುದಿನ ಆ ಜಾಗ ಮತ್ತೆ ಖಾಲಿ.

ಆಶಾ ಕಾರ್ಯಕರ್ತೆಯರನ್ನು ಎಣಿಸಬೇಕಾ ಎಂದು ನೀವು ಕೇಳಬಹುದು. ರಾತ್ರಿ ನಿಮ್ಮ ಜೊತೆ 108ರಲ್ಲಿ ಕೂತು ಬರುವವರು ಅವರೇ ಇರಬಹುದು. ಆದರೂ ಸರಕಾರದ ಲೆಕ್ಕದಲ್ಲಿ ಅವರು ಸ್ವಯಂಸೇವಕರು. ಅವರಿಗೆ ಸಿಗುವುದು ಗೌರವಧನ, ಸಂಬಳ ಅಲ್ಲ. ಮಂಜೂರಾದ ಹುದ್ದೆಯ ಪಟ್ಟಿಯಲ್ಲಿ ಅವರು ಇರುವುದಿಲ್ಲ. ಅವರಿಗೆ ಬೇರೆ ಹಾಳೆ ಮಾಡಿ. ಇದು ನ್ಯಾಯವೋ ಅಲ್ಲವೋ, ಅದನ್ನು ನಿಮ್ಮ ಊರಿನ ಆಶಾ ಅಕ್ಕನನ್ನೇ ಕೇಳಿ, ಚೆನ್ನಾಗಿ ಹೇಳುತ್ತಾರೆ.

ಕಲ್ಯಾಣದುರ್ಗದಲ್ಲಿ ಆರ್.ಡಿ.ಟಿ. ಸಂಸ್ಥೆಯ ಆಸ್ಪತ್ರೆಯೂ ಇದೆ. ಅದು ಸರಕಾರದ್ದಲ್ಲ. ಜನ ಎಷ್ಟೇ ಹೋದರೂ ಈ ಲೆಕ್ಕಕ್ಕೆ ಅದು ಬರುವುದಿಲ್ಲ.

ಪಟ್ಟಿಯಲ್ಲಿ ಯಾರ ಹೆಸರೂ ಬೇಡ, ಫೋನ್ ನಂಬರೂ ಬೇಡ. ನಮಗೆ ಬೇಕಾದ್ದು ಹುದ್ದೆಯ ಲೆಕ್ಕ. ಮೂರು ಜನರ ಕೆಲಸ ಒಬ್ಬರೇ ಮಾಡುತ್ತಿರುವ ನರ್ಸಮ್ಮನಿಗೆ ಈ ಲೆಕ್ಕ ಹೊರಬಂದರೆ ಒಳ್ಳೆಯದೇ ಆಗುತ್ತದೆ. ಅದನ್ನು ಅವರಿಗೆ ಮೊದಲೇ ಹೇಳಿ. "ಅಮ್ಮಾ, ನಿಮ್ಮ ಮೇಲೆ ದೂರು ಕೊಡೋಕೆ ಬಂದಿಲ್ಲ, ನಿಮ್ಮ ಜೊತೆ ಇನ್ನೂ ಎಷ್ಟು ಜನ ಇರಬೇಕು ಅಂತ ಕೇಳೋಕೆ ಬಂದೀವಿ" ಅನ್ನಿ. ಬಹಳ ಸಲ ಅವರೇ ಕೂತು ಲೆಕ್ಕ ಹೇಳುತ್ತಾರೆ.

ಅರ್ಜಿ ಬರೆಯುವುದು

ಬಾಯಲ್ಲಿ ಹೇಳದಿದ್ದರೆ ಅರ್ಜಿ ಕೊಡಿ. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿದೆ. ಯಾಕೆ ಬೇಕು ಎಂದು ನೀವು ಕಾರಣ ಹೇಳಬೇಕಾಗಿಲ್ಲ. ಆಂಧ್ರದ ನಿಯಮದಲ್ಲಿ ಊರ ಮಟ್ಟದ ಕಚೇರಿಗೆ ಶುಲ್ಕ ಇಲ್ಲ. ಮಂಡಲ ಮಟ್ಟಕ್ಕೆ 5 ರೂಪಾಯಿ, ಜಿಲ್ಲಾ ಕಚೇರಿಗೆ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗೆ ಇರುವವರು ಅದನ್ನೂ ಕೊಡಬೇಕಾಗಿಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದೊಳಗೆ ಅಪೀಲು ಹಾಕಬಹುದು.

ಅರ್ಜಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಇರಬೇಕು ಎಂದು ಕಾಯಿದೆ ಹೇಳುತ್ತದೆ. ನಮಗೆ ಆ ಭಾಷೆ ತೆಲುಗು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಇದು ನಮಗೆ ಅಭ್ಯಾಸವಾದ ಕಷ್ಟ. ಆದರೆ ಹೆದರಬೇಡಿ. ಕನ್ನಡ ಅಕ್ಷರ ಬಂದವರಿಗೆ ತೆಲುಗು ಅಕ್ಷರ ದೂರದ ನೆಂಟನಲ್ಲ, ತಲೆಕಟ್ಟು ಸ್ವಲ್ಪ ಬೇರೆ. ನಮ್ಮ 'ಖಾಲಿ' ಅವರಲ್ಲಿ 'ಖಾಳೀ'. 'ಮಂಜೂರು', 'ಪೋಸ್ಟು' ಎರಡು ಕಡೆಯೂ ಅದೇ ಮಾತು. ಉತ್ತರದ ಕಾಗದ ಬಂದಾಗ ಈ ಮೂರು ಪದ ಹುಡುಕಿದರೆ ಅರ್ಧ ಓದಿದ ಹಾಗೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ. ಅದನ್ನು ಕಾಗದಕ್ಕೆ ಇಳಿಸಲು ಮಾಹಿತಿ ಅಧಿಕಾರಿ ಸಹಾಯ ಮಾಡಲೇಬೇಕು. ಇದೂ ಕಾಯಿದೆಯಲ್ಲೇ ಇದೆ.

ಏನು ಕೇಳಬೇಕು ಎಂಬುದರಲ್ಲಿ ಕೆಲಸ ಕೆಡುತ್ತದೆ. "ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಯಾಕಿಲ್ಲ?" ಎಂದು ಬರೆದರೆ, "ಯಾಕೆ ಎಂಬುದು ಮಾಹಿತಿಯಲ್ಲ" ಎಂದು ವಾಪಸು ಬರಬಹುದು. "ಎಷ್ಟು ಖಾಲಿ?" ಎಂದಷ್ಟೇ ಬರೆದರೆ 0 ಎಂದು ಬರಬಹುದು. ಆ 0 ಹೇಗೆ ಬರುತ್ತದೆ ಎಂದು ಆಗಲೇ ನೋಡಿದೆವು. ಹೀಗೆ ಕೇಳಿ:

"ಇಂಥ ಪಿ.ಎಚ್.ಸಿ.ಯಲ್ಲಿ ಇಂಥ ತಾರೀಖಿಗೆ, ಒಂದೊಂದು ಹುದ್ದೆಯಲ್ಲೂ ಮಂಜೂರಾದ ಸಂಖ್ಯೆ ಎಷ್ಟು? ಖಾಯಂ, ಕಾಂಟ್ರಾಕ್ಟ್, ಔಟ್‌ಸೋರ್ಸಿಂಗ್ ಸೇರಿ ಈಗ ಇರುವವರು ಎಷ್ಟು? ಅವರಲ್ಲಿ ಡೆಪ್ಯುಟೇಷನ್ ಮೇಲೆ ಬೇರೆ ಕಡೆ ಇರುವವರು ಎಷ್ಟು, ಯಾವ ತಾರೀಖಿನಿಂದ? ಖಾಲಿ ಇರುವ ಒಂದೊಂದು ಹುದ್ದೆಯೂ ಯಾವ ತಾರೀಖಿನಿಂದ ಖಾಲಿ? ಅದನ್ನು ತುಂಬಲು ಈ ಕಚೇರಿಯಿಂದ ಮೇಲಕ್ಕೆ ಬರೆದ ಪತ್ರದ ನಕಲು ಕೊಡಿ."

ಕಡೆಯ ಎರಡು ಪ್ರಶ್ನೆಯನ್ನು ಬಿಡಬೇಡಿ. ಹುದ್ದೆ ಹದಿನೈದು ದಿನದಿಂದ ಖಾಲಿ ಇದ್ದರೆ ವರ್ಗಾವಣೆ ನಡೆಯುತ್ತಿದೆ ಅಂತ ಅರ್ಥ. ನಾಲ್ಕು ವರ್ಷದಿಂದ ಖಾಲಿ ಇದ್ದರೆ ಕಥೆ ಬೇರೆ. ಇನ್ನು ಪತ್ರದ ನಕಲು. ಪತ್ರ ಇದ್ದರೆ ಕೆಳಗಿನ ಕಚೇರಿ ಕೇಳಿದೆ, ಮೇಲಿನವರು ಕೊಟ್ಟಿಲ್ಲ ಎಂದು ತಿಳಿಯುತ್ತದೆ. ಪತ್ರವೇ ಇಲ್ಲದಿದ್ದರೆ ಕೇಳಿಯೇ ಇಲ್ಲ. "ಯಾಕೆ" ಎಂದು ಕೇಳದೆ "ಯಾಕೆ" ತಿಳಿಯುವ ದಾರಿ ಇದು.

ಇನ್ನೊಂದು ವಿಷಯ. ಅದೇ ಕಾಯಿದೆಯ 4ನೇ ಕಲಮಿನ ಪ್ರಕಾರ, ಕಚೇರಿಯಲ್ಲಿ ಯಾವ ಯಾವ ಅಧಿಕಾರಿ, ನೌಕರರು ಇದ್ದಾರೆ ಎಂಬ ಪಟ್ಟಿಯನ್ನು ಯಾರೂ ಕೇಳುವ ಮೊದಲೇ ಕಚೇರಿಯೇ ಪ್ರಕಟಿಸಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೋಡೆ ನೋಡಿ. ಪಟ್ಟಿ ಇದ್ದರೆ ನಿಮ್ಮ ಪುಸ್ತಕದ ಒಂದು ಮನೆ ಅಲ್ಲೇ ತುಂಬಿತು, ಅರ್ಜಿಯ ಖರ್ಚು ಉಳಿಯಿತು.

ಅಭ್ಯಾಸ

1. ಒಂದು ಪಿ.ಎಚ್.ಸಿ. ವ್ಯಾಪ್ತಿಯಲ್ಲಿ 30,000 ಜನ ಇದ್ದಾರೆ. 5,000 ಜನಕ್ಕೆ ಒಂದು ಉಪಕೇಂದ್ರ ಬೇಕು. ಬೇಕಾದ ಉಪಕೇಂದ್ರ ಎಷ್ಟು? ಅಲ್ಲಿ ಇರುವುದು 4. ಕೊರತೆ ಎಷ್ಟು?

2. ಪಟ್ಟಣದಲ್ಲಿ 50,000 ಜನಕ್ಕೆ ಒಂದು ನಗರ ಆರೋಗ್ಯ ಕೇಂದ್ರ ಬೇಕು. 2011ರ ಜನಗಣತಿಯಲ್ಲಿ ಹಿಂದೂಪುರದ ಜನಸಂಖ್ಯೆ ಸುಮಾರು 1,51,000. ಆಗಿನ ಲೆಕ್ಕಕ್ಕೆ ಎಷ್ಟು ಕೇಂದ್ರ ಬೇಕು? ಊರು ಬೆಳೆದು 2,00,000 ಜನ ಆದರೆ ಎಷ್ಟು ಬೇಕು?

3. ಮಂಜೂರಾದ ಲ್ಯಾಬ್ ಹುದ್ದೆ 1. ಅದರಲ್ಲಿ ಒಬ್ಬರು ಇದ್ದಾರೆ, ಆದರೆ ಡೆಪ್ಯುಟೇಷನ್ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಕಾಗದದಲ್ಲಿ ಖಾಲಿ ಎಷ್ಟು? ಇಲ್ಲಿ ಕೆಲಸ ಮಾಡುವವರು ಎಷ್ಟು? ಜ್ವರ ಬಂದ ಮಗುವಿನ ತಾಯಿ ಈ ಎರಡು ಅಂಕಿಯಲ್ಲಿ ಯಾವುದನ್ನು ಕೇಳಬೇಕು?

4. ನಿಮ್ಮ ಪಿ.ಎಚ್.ಸಿ.ಯ ಹೆಸರು ಬರೆಯಿರಿ. ಅದು ಯಾವ ಮಂಡಲ? ಈಗ ಯಾವ ಜಿಲ್ಲೆ? ಅರ್ಜಿಯನ್ನು ಪುಟ್ಟಪರ್ತಿಗೆ ಕಳಿಸಬೇಕಾ, ಅನಂತಪುರಕ್ಕೆ ಕಳಿಸಬೇಕಾ?

5. ಐದು ಹುದ್ದೆ, ನಾಲ್ಕು ಮನೆಯ ಪಟ್ಟಿಯನ್ನು ನೋಟ್ ಪುಸ್ತಕದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ. ಗೊತ್ತಿಲ್ಲದ ಮನೆಯನ್ನು ಹಾಗೇ ಬಿಡಿ, ಅಂದಾಜಿನಲ್ಲಿ ತುಂಬಬೇಡಿ.